ಬಾವಿ ಹೂಳಲ್ಲಿ ಹಳೇ ಮದ್ದುಗುಂಡು ಸಿಕ್ಕರೆ ಏನು ಮಾಡಬೇಕು?

ಬೇಸಿಗೆ ಬಂತು ಅಂದ್ರೆ ನಮ್ಮ ಕೆಂಗೇರಿ ಕಡೆ ತೋಟಗಳಲ್ಲಿ ಹಳೇ ಬಾವಿ ಹೂಳೆತ್ತೋ ಕೆಲಸ ಶುರು. ಹೂಳಿನ ಜೊತೆ ಬರೋ ತುಕ್ಕು ಕಬ್ಬಿಣವನ್ನು ಗುಜರಿಗೆ ಹಾಕೋ ಮುಂಚೆ ಇದನ್ನು ಓದಿ.

2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಸುಳಿವು ಕೊಟ್ಟಿದ್ದು ಮಣ್ಣಿನಲ್ಲಿದ್ದ ಮದ್ದಿನ ವಾಸನೆ. ಒಂದೊಂದೂ 23ರಿಂದ 26 ಸೆಂ.ಮೀ. ಉದ್ದದ ಕಬ್ಬಿಣದ ಕೊಳವೆ. ಕಂಡವರು ಪೈಪ್ ತುಂಡು ಅಂದುಕೊಂಡರೆ ಆಶ್ಚರ್ಯವಿಲ್ಲ.

ತುದಿ ಮುಚ್ಚಿದ ಕೊಳವೆ, ಚೂಪು ಮೂತಿ, ಬಾಲದಲ್ಲಿ ರೆಕ್ಕೆ, ಹಿತ್ತಾಳೆ ತೋಟಾ: ದೂರದಿಂದ ಅನುಮಾನ ಪಡೋಕೆ ಇಷ್ಟು ಸಾಕು.

ಆದರೆ ತುಕ್ಕು ನೋಡಿ ‘ಸತ್ತ ಮಾಲು’ ಅನ್ನಬೇಡಿ. ಕಪ್ಪು ಮದ್ದಿನಲ್ಲಿರೋದು ಪೆಟ್ಲುಪ್ಪು. ಡ್ರಿಪ್‌ನಲ್ಲಿ ಬಿಡೋ 13-0-45 ಗೊಬ್ಬರವೂ ಅದೇ. ನೀರು ತಾಗಿದರೆ ಕರಗುತ್ತೆ, ನಿಜ. ಮುಚ್ಚಿದ ಕೊಳವೆಯೊಳಗೆ ನೀರು ಹೋಗಿದೆಯೋ ಇಲ್ವೋ ಹೊರಗಿನಿಂದ ಹೇಗೆ ಹೇಳ್ತೀರಿ? ಈಚಿನ ಶೆಲ್‌ಗಳ ಸಿಡಿಮದ್ದಂತೂ ದಶಕಗಟ್ಟಲೆ ಕೆಡಲ್ಲ. ಫ್ಯೂಸ್ ಹಳತಾದರೆ ಸಣ್ಣ ಪೆಟ್ಟಿಗೂ ಸಿಡಿಯಬಹುದು.

ಹಾಗಾಗಿ:

• ಜೆಸಿಬಿ, ಗುದ್ದಲಿ ನಿಲ್ಲಿಸಿ. ಬಾವಿಯೊಳಗಿದ್ದವರನ್ನು ಮೊದಲು ಮೇಲೆ ಕರೆಸಿ.
• ಎತ್ತಬೇಡಿ, ತೊಳೆಯಬೇಡಿ, ಬಕೆಟ್‌ಗೆ ಹಾಕಬೇಡಿ.
• ಮಕ್ಕಳು, ದನಕರು ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.
• ದೂರ ಹೋಗಿ 112ಕ್ಕೆ ಫೋನ್ ಮಾಡಿ. ಪರೀಕ್ಷೆ ಬಾಂಬ್ ನಿಷ್ಕ್ರಿಯ ದಳದ ಕೆಲಸ.

ಗುಜರಿಯಲ್ಲಿ ಸಿಗೋ ನಾಲ್ಕು ಕಾಸಿಗೆ ಅಲ್ಲಿ ಸುತ್ತಿಗೆ ಹಿಡಿದ ಹುಡುಗನ ಕೈ ಹೋಗಬಾರದು.