ರೈಫಲ್ ಬ್ಯಾರೆಲ್ ತುದಿಯ ಟ್ಯೂನರ್ ಎಂದರೇನು? ತಿರುಗಿಸಿದರೆ ಗುರಿ ನಿಜಕ್ಕೂ ಸುಧಾರಿಸುತ್ತಾ? ಇಲ್ಲಿದೆ ವಿವರ

ಹೈದರಾಬಾದ್: 2012ರ ಲಂಡನ್ ಒಲಿಂಪಿಕ್ಸ್. ಪುರುಷರ 50 ಮೀಟರ್ ರೈಫಲ್ ಪ್ರೋನ್ ಫೈನಲ್‌ನಲ್ಲಿ ಭಾರತದ ಜಾಯ್‌ದೀಪ್ ಕರ್ಮಾಕರ್ ನಾಲ್ಕನೇ ಸ್ಥಾನ ಪಡೆದರು. ಅವರ ಒಟ್ಟು ಅಂಕ 699.1. ಕಂಚು ಗೆದ್ದ ಸ್ಲೊವೇನಿಯಾದ ಶೂಟರ್ ಗಳಿಸಿದ್ದು 701.0. ಎಪ್ಪತ್ತು ಗುಂಡು ಹಾರಿಸಿದ ಮೇಲೂ ಪದಕಕ್ಕೂ ಬರಿಗೈಗೂ ನಡುವಿನ ಅಂತರ ಕೇವಲ 1.9 ಅಂಕ. ಅದೇ ಕೂಟದಲ್ಲಿ 10 ಮೀಟರ್ ಏರ್ ರೈಫಲ್ ಕಂಚು ಗೆದ್ದಿದ್ದ ಹೈದರಾಬಾದ್‌ನ ಗಗನ್ ನಾರಂಗ್ ಕೂಡ ಈ ಪ್ರೋನ್ ಸ್ಪರ್ಧೆಯಲ್ಲಿದ್ದರು, ಆದರೆ ಅರ್ಹತಾ ಸುತ್ತು ದಾಟಲಾಗಲಿಲ್ಲ. ಎರಡು ವರ್ಷದ ನಂತರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ಇದೇ ಸ್ಪರ್ಧೆಯಲ್ಲಿ ಅವರಿಗೆ ಬೆಳ್ಳಿ ಬಂತು.

ಇಷ್ಟು ಸಣ್ಣ ಅಂತರದಲ್ಲಿ ಸೋಲು ಗೆಲುವು ನಿರ್ಧಾರವಾಗುವ ಆಟದಲ್ಲಿ ಶೂಟರ್‌ಗಳು ಬಂದೂಕಿನ ಒಂದೊಂದು ಸ್ಕ್ರೂ ಬಗ್ಗೆಯೂ ತಲೆ ಕೆಡಿಸಿಕೊಳ್ಳುವುದು ಸಹಜ. ಅಂಥ ವಸ್ತುಗಳಲ್ಲಿ ಹೆಚ್ಚು ಚರ್ಚೆಯಾಗುವುದು ಬ್ಯಾರೆಲ್ ಟ್ಯೂನರ್. ಬ್ಯಾರೆಲ್‌ನ ತುದಿಗೆ ಕೂರಿಸುವ ಲೋಹದ ಸಣ್ಣ ಸಿಲಿಂಡರ್ ಇದು. ಇದರ ಮೇಲೆ ಮೈಕ್ರೋಮೀಟರ್‌ನಲ್ಲಿ ಇರುವಂತೆ ಗೆರೆ ಮತ್ತು ಅಂಕಿಗಳಿರುತ್ತವೆ. ತಿರುಗಿಸಿದರೆ ತೂಕ ಒಂದಿಷ್ಟು ಮುಂದೆ ಅಥವಾ ಹಿಂದೆ ಸರಿಯುತ್ತದೆ. ಕೆಲಸ ಅಷ್ಟೇ.

ಬ್ಯಾರೆಲ್ ಅಲುಗಾಡುತ್ತಾ?

ಖಂಡಿತ. ಶಾಲೆಯಲ್ಲಿ ಬೆಂಚಿನ ಅಂಚಿಗೆ ಸ್ಕೇಲ್ ಒತ್ತಿ ಹಿಡಿದು, ಹೊರಗಿನ ತುದಿಯನ್ನು ಬೆರಳಿನಿಂದ ಮೀಟಿ ಮೇಷ್ಟ್ರಿಂದ ಬೈಸಿಕೊಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗುಂಡು ಸಿಡಿದ ಕ್ಷಣ ಉಕ್ಕಿನ ಬ್ಯಾರೆಲ್ ಕೂಡ ಹಾಗೆಯೇ ಮೇಲೆ ಕೆಳಗೆ ಕಂಪಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವ .22 ರೈಫಲ್‌ನಲ್ಲಿ ಗುಂಡು ಬ್ಯಾರೆಲ್ ಒಳಗೆ ಇರುವುದು ಒಂದೆರಡು ಮಿಲಿಸೆಕೆಂಡ್ ಆಸುಪಾಸು ಮಾತ್ರ. ಅಷ್ಟರಲ್ಲೇ ಕಂಪನ ಶುರುವಾಗಿರುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ತುದಿ ಯಾವ ಕಡೆ ಮುಖ ಮಾಡಿತ್ತು ಎಂಬುದರ ಮೇಲೆ ಅದು ಎಲ್ಲಿ ಬೀಳುತ್ತದೆ ಎಂಬುದು ನಿಂತಿದೆ.

ಸ್ಕೇಲ್ ತುದಿಗೆ ಒಂದು ರಬ್ಬರ್ ಅಂಟಿಸಿದರೆ ಅದು ನಿಧಾನವಾಗಿ ಅಲುಗುತ್ತದೆ. ಟ್ಯೂನರ್ ಮಾಡುವುದೂ ಇದನ್ನೇ. ಟ್ಯೂನರ್ ಕಂಪನವನ್ನು ನಿಲ್ಲಿಸುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಕಂಪನದ ವೇಗವನ್ನು ಬದಲಿಸಿ, ಗುಂಡು ಹೊರಬೀಳುವ ಗಳಿಗೆಗೆ ತುದಿ ಅನುಕೂಲವಾದ ಜಾಗದಲ್ಲಿರುವಂತೆ ಸಮಯ ಹೊಂದಿಸುವುದು ಅದರ ಉದ್ದೇಶ.

ಯಾವುದು ಅನುಕೂಲವಾದ ಜಾಗ?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. .22 ಗುಂಡಿನ ವೇಗ ಸೆಕೆಂಡಿಗೆ ಸುಮಾರು 320 ಮೀಟರ್. ಒಂದೇ ಡಬ್ಬಿಯ ಗುಂಡುಗಳಾದರೂ ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಎರಡು ಗುಂಡುಗಳ ನಡುವೆ ಸೆಕೆಂಡಿಗೆ 6 ಮೀಟರ್ ವ್ಯತ್ಯಾಸವಿದೆ ಎಂದುಕೊಳ್ಳಿ. 50 ಮೀಟರ್ ದೂರ ತಲುಪುವಷ್ಟರಲ್ಲಿ ನಿಧಾನದ ಗುಂಡು ವೇಗದ ಗುಂಡಿಗಿಂತ 4ರಿಂದ 5 ಮಿ.ಮೀ. ಕೆಳಗೆ ಬೀಳುತ್ತದೆ. ಈ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸವೇ 10.4 ಮಿ.ಮೀ. ದಶಮಾಂಶ ಲೆಕ್ಕದಲ್ಲಿ ಪ್ರತಿ 0.8 ಮಿ.ಮೀ.ಗೆ 0.1 ಅಂಕ ಕಡಿತ. ಅಂದರೆ ಶೂಟರ್ ಏನೂ ತಪ್ಪು ಮಾಡದಿದ್ದರೂ ಒಂದು ಗುಂಡಿಗೆ ಅರ್ಧ ಅಂಕ ಹೋಗಬಹುದು.

ಬ್ಯಾರೆಲ್ ತುದಿ ಮೇಲಕ್ಕೆ ಏಳುತ್ತಿರುವಾಗ ಗುಂಡು ಹೊರಬಂದರೆ ಕಥೆ ಬದಲಾಗುತ್ತದೆ. ವೇಗದ ಗುಂಡು ಬೇಗ ಹೊರಬೀಳುವಾಗ ತುದಿ ಇನ್ನೂ ತುಸು ಕೆಳಗಿರುತ್ತದೆ. ನಿಧಾನದ ಗುಂಡು ಹೊರಬರುವಷ್ಟರಲ್ಲಿ ತುದಿ ತುಸು ಮೇಲೆದ್ದಿರುತ್ತದೆ. ಹೀಗಾಗಿ ಎರಡೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಗುರಿಯ ಬಳಿ ಹತ್ತಿರ ಹತ್ತಿರ ಸೇರುತ್ತವೆ. ಇದಕ್ಕೆ ಪಾಸಿಟಿವ್ ಕಾಂಪೆನ್ಸೇಷನ್ ಎನ್ನುತ್ತಾರೆ. ಇದು ಹೊಸ ಸಂಗತಿಯೇನಲ್ಲ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ .303 ಲೀ-ಎನ್‌ಫೀಲ್ಡ್ ರೈಫಲ್ ಹತ್ತಿರದ ಗುರಿಗಿಂತ ಬಹುದೂರದ ಗುರಿಗೆ ಒಳ್ಳೆಯ ಫಲಿತಾಂಶ ಕೊಡುತ್ತದೆ ಎಂದು ಹಳೆಯ ಶೂಟರ್‌ಗಳು ಹೇಳುತ್ತಿದ್ದುದಕ್ಕೆ ಇದೇ ಕಾರಣ. ಆದರೆ ಒಂದು ಮಿತಿ ಇದೆ. ಈ ಹೊಂದಾಣಿಕೆ ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ. 50 ಮೀಟರ್‌ಗೆ ಹೊಂದಿಸಿದ್ದು 100 ಮೀಟರ್‌ಗೆ ಕೆಲಸ ಮಾಡಬೇಕೆಂದಿಲ್ಲ.

ಬೇಟೆ ರೈಫಲ್‌ಗೆ ಬಂದಿದ್ದು ಹೇಗೆ?

1990ರ ದಶಕದಲ್ಲಿ ಅಮೆರಿಕದ ಬ್ರೌನಿಂಗ್ ಕಂಪನಿ 'ಬಾಸ್' ಎಂಬ ಹೊಂದಾಣಿಕೆಯ ಸಾಧನವನ್ನು ತನ್ನ ಬೇಟೆ ರೈಫಲ್‌ಗಳಿಗೆ ಅಳವಡಿಸಿತು. ಯಾವ ಗುಂಡಿಗೆ ಯಾವ ಅಂಕಿಯಿಂದ ಶುರು ಮಾಡಬೇಕು ಎಂಬ ಪಟ್ಟಿಯೂ ಜೊತೆಗೆ ಬರುತ್ತಿತ್ತು. ಮೊದಲ ಮಾದರಿಯಲ್ಲಿ ಹಿಮ್ಮೆಟ್ಟು ಕಡಿಮೆ ಮಾಡುವ ರಂಧ್ರಗಳೂ ಇದ್ದವು. ಅದರ ಸದ್ದು ಕಿವಿ ಗಡಚಿಕ್ಕುವಂತಿದೆ ಎಂಬ ದೂರು ಬಂದ ಮೇಲೆ ರಂಧ್ರವಿಲ್ಲದ ಮಾದರಿಯೂ ಬಂತು.

ಆದರೆ ಬೇಟೆ ರೈಫಲ್‌ನ ಗುಂಡು ಸೆಕೆಂಡಿಗೆ 800 ಮೀಟರ್‌ಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಅಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೂ 100 ಮೀಟರ್ ದೂರದಲ್ಲಿ ಬೀಳುವ ಅಂತರ ಸುಮಾರು ಎರಡು ಮಿ.ಮೀ. ಮಾತ್ರ. ಮೈಲುದೂರದ ಸ್ಪರ್ಧೆಗಳನ್ನು ಬಿಟ್ಟರೆ ಟ್ಯೂನರ್‌ನಿಂದ ಅಲ್ಲಿ ಸಿಗುವ ಲಾಭ ಕಡಿಮೆ.

ಭಾರತದಲ್ಲಂತೂ ಆ ಪ್ರಶ್ನೆಯೇ ಬೇರೆ. ಆರನೇ ನಿಜಾಮ ಮೆಹಬೂಬ್ ಅಲಿ ಪಾಷಾ ಅವರ ಹುಲಿ ಶಿಕಾರಿಯ ಕಥೆಗಳನ್ನು ಹೈದರಾಬಾದ್ ಇಂದಿಗೂ ಹೇಳಿಕೊಳ್ಳುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿ ಅಪರಾಧ. ಹಾಗಾಗಿ ಇಲ್ಲಿ ಟ್ಯೂನರ್‌ಗೆ ಜಾಗ ಇರುವುದು ಕಾಡಿನಲ್ಲಲ್ಲ, ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯ ಆವರಣದಲ್ಲಿರುವಂಥ ಶೂಟಿಂಗ್ ರೇಂಜ್‌ಗಳಲ್ಲಿ. ಅಂದ ಹಾಗೆ, ಕೊಡಗಿನ ಕೈಲ್ ಮುಹೂರ್ತದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಾಗಲೀ, ಬೆಳೆ ಕಾಯುವ ರೈತರ ತೋಟಾ ಕೋವಿಗಾಗಲೀ ಇದರ ಅಗತ್ಯವೇ ಇಲ್ಲ.

ಹೊಂದಿಸುವುದು ಹೇಗೆ?

ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್ ಖಾಲಿ ಇದೆ ಎಂದು ಕಣ್ಣಾರೆ ನೋಡಬೇಕು. ಬ್ಯಾರೆಲ್ ತುದಿಗೆ ಕೈ ಹಾಕುವ ಕೆಲಸವಾದ್ದರಿಂದ ಪ್ರತಿ ಸಲವೂ ಇದೇ ಮೊದಲ ಹೆಜ್ಜೆ. ಟ್ಯೂನರ್‌ನ ರಂಧ್ರ ಬ್ಯಾರೆಲ್‌ಗೆ ನೇರವಾಗಿದೆಯೇ ಎಂದೂ ನೋಡಬೇಕು. ಓರೆಯಾಗಿದ್ದರೆ ಗುಂಡು ಅದಕ್ಕೇ ತಾಗಬಹುದು.

ನಂತರ ರೈಫಲ್ ಅನ್ನು ಬೆಂಚಿನ ಮೇಲೆ ಭದ್ರವಾಗಿಟ್ಟು, ಗಾಳಿ ಇಲ್ಲದ ಹೊತ್ತಿನಲ್ಲಿ, ಒಂದೇ ಲಾಟ್‌ನ ಗುಂಡುಗಳಿಂದ ಪ್ರತಿ ಸೆಟ್ಟಿಂಗ್‌ಗೆ ಐದೈದು ಗುಂಡು ಹಾರಿಸುತ್ತಾರೆ. ಟ್ಯೂನರ್ ಅನ್ನು ಸೊನ್ನೆಯಿಂದ ಒಂದೇ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ನೋಡಬೇಕಾದ್ದು ಮೇಲೆ ಕೆಳಗಿನ ಹರಡುವಿಕೆಯನ್ನು. ಅಡ್ಡ ಹರಡುವಿಕೆಗೆ ಬಹುತೇಕ ಗಾಳಿಯೋ ಕೈಯೋ ಕಾರಣ. ಒಂದೇ ಅಂಕಿಯಲ್ಲಿ ಗುಂಪು ಚಿಕ್ಕದಾಗಿ ಅಕ್ಕಪಕ್ಕದಲ್ಲಿ ಕೆಟ್ಟರೆ ಅದನ್ನು ನಂಬಬಾರದು. ಮೂರ್ನಾಲ್ಕು ಅಂಕಿಗಳ ಉದ್ದಕ್ಕೂ ಚೆನ್ನಾಗಿ ಬಂದರೆ ಅದರ ನಡುವಿನ ಅಂಕಿ ಹಿಡಿದು ಲಾಕ್ ಮಾಡಿ, ಡೈರಿಯಲ್ಲಿ ಬರೆದಿಟ್ಟುಕೊಳ್ಳಬೇಕು. ತಾಪಮಾನವನ್ನೂ ಬರೆಯಬೇಕು. ಬಿಸಿಯಾದಂತೆ ಗುಂಡಿನ ವೇಗ ತುಸು ಬದಲಾಗುವುದರಿಂದ ಡಿಸೆಂಬರ್ ಬೆಳಗಿನ ಹೈದರಾಬಾದ್‌ನಲ್ಲಿ ಸಿಕ್ಕ ಅಂಕಿ ಮೇ ತಿಂಗಳ 40 ಡಿಗ್ರಿಯಲ್ಲಿ ಮತ್ತೆ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ.

ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಏನನ್ನೂ ಮುಟ್ಟದೆ ಒಂದೇ ರೈಫಲ್‌ನಿಂದ ಐದೈದು ಗುಂಡಿನ ಎಂಟು ಗುಂಪು ಹಾರಿಸಿದರೂ ಒಂದು ಗುಂಪು ಉಳಿದವಕ್ಕಿಂತ ಚೆನ್ನಾಗಿ ಬಂದೇ ಬರುತ್ತದೆ. ಅದು ಬರೀ ಅದೃಷ್ಟ. ಟ್ಯೂನರ್ ತಿರುಗಿಸಿದ್ದರಿಂದಲೇ ಹಾಗಾಯಿತು ಎಂದುಕೊಂಡರೆ ಗುಂಡಿಗೆ ಸುರಿದ ದುಡ್ಡೂ ದಂಡ. ಅಮೆರಿಕದ ಬ್ಯಾಲಿಸ್ಟಿಕ್ಸ್ ತಜ್ಞ ಬ್ರಯಾನ್ ಲಿಟ್ಜ್ ಹೆಚ್ಚು ಗುಂಡು ಬಳಸಿ ನಡೆಸಿದ ಪರೀಕ್ಷೆಗಳಲ್ಲಿ ಟ್ಯೂನರ್ ಸೆಟ್ಟಿಂಗ್‌ನಿಂದ ಸ್ಪಷ್ಟವಾದ ಲಾಭ ಕಂಡುಬರಲಿಲ್ಲ. ಮತ್ತೊಂದೆಡೆ .22 ಶೂಟರ್‌ಗಳಲ್ಲಿ ಅನೇಕರು ಅದನ್ನು ಬಿಟ್ಟುಕೊಡಲು ತಯಾರಿಲ್ಲ. ಪರೀಕ್ಷೆ ಮಾಡಲು ಸರಳ ಉಪಾಯವಿದೆ. ಅತ್ಯುತ್ತಮ ಮತ್ತು ಅತಿ ಕೆಟ್ಟ ಸೆಟ್ಟಿಂಗ್ ಎರಡನ್ನೂ ಬೇರೊಬ್ಬರು ನಿಮಗೆ ಹೇಳದೆ ಅದಲು ಬದಲು ಮಾಡಲಿ, ಪ್ರತಿಯೊಂದಕ್ಕೂ ಮೂರ್ನಾಲ್ಕು ಗುಂಪು ಹಾರಿಸಿ. ಆಗಲೂ ವ್ಯತ್ಯಾಸ ಕಂಡರೆ ಮಾತ್ರ ಅದು ನಿಜ. ಅದಕ್ಕೂ ಮೊದಲು ಬೇರೆ ಬೇರೆ ಲಾಟ್‌ನ ಗುಂಡು ಹಾರಿಸಿ, ತಮ್ಮ ಬ್ಯಾರೆಲ್‌ಗೆ ಒಗ್ಗುವುದನ್ನು ಆರಿಸಿಕೊಳ್ಳುವುದೇ ಹೆಚ್ಚು ಲಾಭದ ಕೆಲಸ.

ಕಾನೂನು ಏನು ಹೇಳುತ್ತೆ?

ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಲ್ಲಿ ಅಳತೆಯ ಮಿತಿಯೊಳಗಿನ ಬ್ಯಾರೆಲ್ ತೂಕಕ್ಕೆ ಅವಕಾಶವಿದೆ, ಮಜಲ್ ಬ್ರೇಕ್‌ಗೆ ನಿಷೇಧವಿದೆ. ಹಾಗಾಗಿ ರಂಧ್ರಗಳಿರುವ ಮಾದರಿ ಕೊಂಡರೆ ಸ್ಪರ್ಧೆಯ ಉಪಕರಣ ತಪಾಸಣೆಯಲ್ಲೇ ಆಟ ಮುಗಿಯುತ್ತದೆ.

1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಬಿಗಿ. ಸದ್ದು ಅಥವಾ ಬೆಂಕಿಯ ಹೊಳಪು ತಗ್ಗಿಸುವ ಬಿಡಿಭಾಗವನ್ನೂ ಅದು ಬಂದೂಕು ಎಂದೇ ಪರಿಗಣಿಸುತ್ತದೆ. ಟ್ಯೂನರ್ ಆ ಕೆಲಸ ಮಾಡುವುದಿಲ್ಲ, ನಿಜ. ಆದರೆ ಅದನ್ನು ಕೂರಿಸಲು ಕೆಲವು ಬ್ಯಾರೆಲ್‌ಗಳ ತುದಿಗೆ ಥ್ರೆಡ್ ಕೊರೆಯಬೇಕಾಗುತ್ತದೆ. ಬಂದೂಕಿನ ದುರಸ್ತಿ, ಮಾರ್ಪಾಡಿಗೆ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಬೇಕು. ಪಕ್ಕದ ಬೀದಿಯ ಲೇತ್ ಅಂಗಡಿಗೆ ಬ್ಯಾರೆಲ್ ಕೊಟ್ಟು ಬಂದರೆ ಅಂಗಡಿಯವನ ಜೊತೆ ಮಾಲೀಕನೂ ಠಾಣೆ ಮೆಟ್ಟಿಲು ಹತ್ತಬೇಕಾದೀತು. ಬ್ಯಾರೆಲ್‌ಗೆ ಹೊರಗಿನಿಂದ ಬಿಗಿಯುವ ಕ್ಲ್ಯಾಂಪ್ ಮಾದರಿಗೆ ಕೊರೆಯುವ ಕೆಲಸವೇ ಇರುವುದಿಲ್ಲ. ಥ್ರೆಡ್ ಬೇಕೇ ಬೇಕೆಂದರೆ ಪರವಾನಗಿ ಇರುವ ಗನ್‌ಸ್ಮಿತ್ ಬಳಿಯೇ ಹೋಗಬೇಕು.