ಕಿಸೆಯಲ್ಲೊಂದು ಕಣ್ಣು

ಹಳೆಯ ಮನೆಗಳ ನಡುಮನೆಯಲ್ಲಿ, ಗೋಡೆಯಿಂದ ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿರುವ ಫೋಟೋಗಳನ್ನು ನೋಡದವರು ವಿರಳ. ಕುರ್ಚಿಯ ಮೇಲೆ ಕುಳಿತ ಯಜಮಾನರು, ಪಕ್ಕದಲ್ಲಿ ನಿಂತ ಗೃಹಿಣಿ, ಮುಂದುಗಡೆ ಜಮಖಾನದ ಮೇಲೆ ಸಾಲಾಗಿ ಕುಳಿತ ಮಕ್ಕಳು. ಹಿಂದೆ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಹೂಕುಂಡ. ಯಾರ ಮುಖದಲ್ಲಿಯೂ ನಗೆಯಿಲ್ಲ. ಅಂದು ಫೋಟೋ ತೆಗೆಸಿಕೊಳ್ಳುವುದೆಂದರೆ ಮದುವೆ ಮುಂಜಿಗಳಷ್ಟೇ ಗಂಭೀರವಾದ ಕಾರ್ಯ. ಹಬ್ಬಕ್ಕೆಂದು ಇಟ್ಟ ಸೀರೆ ಹೊರಗೆ ಬರಬೇಕು, ಕೋಟಿನ ಗುಂಡಿಗಳು ಪೂರ್ತಿ ಬೀಳಬೇಕು. ಛಾಯಾಗ್ರಾಹಕನು ಕರಿಬಟ್ಟೆಯ ಒಳಗಿನಿಂದ ಅಪ್ಪಣೆ ಕೊಟ್ಟಾಗ ಉಸಿರು ಬಿಗಿಹಿಡಿದಿರಬೇಕು.

ಆ ಚಿತ್ರಗಳು ನಮಗೆ ಅಮೂಲ್ಯವಾದುವು, ಅದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ ಇಲ್ಲದಿರುವುದು ಏನೆಂದು ಒಮ್ಮೆ ಯೋಚಿಸಿ ನೋಡಬೇಕು. ಅಜ್ಜಿಯ ಮುಖವುಂಟು, ಅಜ್ಜಿಯು ಒರಳಿನ ಮುಂದೆ ಒಂದು ಕಾಲು ಚಾಚಿ ಕುಳಿತು ರುಬ್ಬುತ್ತಿದ್ದ ನೋಟವಿಲ್ಲ. ಅಜ್ಜನ ಪೇಟವುಂಟು, ಸಂಜೆಯ ಹೊತ್ತು ಜಗುಲಿಯ ಕಂಬಕ್ಕೊರಗಿ ಅಡಕೆ ಕತ್ತರಿಸುತ್ತಿದ್ದ ಅಜ್ಜನ ಕೈಗಳಿಲ್ಲ. ಸವೆದ ಹೊಸ್ತಿಲು, ಬಚ್ಚಲಿನ ಹಂಡೆ, ಗಾಜಿನ ಹೆಂಚಿನಿಂದ ಅಡುಗೆಮನೆಯ ಹೊಗೆಯೊಳಕ್ಕೆ ಇಳಿಯುತ್ತಿದ್ದ ಬಿಸಿಲಿನ ಕೋಲು, ಇವು ಯಾವುವೂ ಇಲ್ಲ. ದಿನವೂ ಕಣ್ಣೆದುರಿಗೆ ಇರತಕ್ಕ ವಸ್ತುವಿಗಾಗಿ ಹಣ ವ್ಯಯಮಾಡುವವರು ಯಾರು? ಅವು ಎಂದೆಂದಿಗೂ ಇರುವುವೆಂದೇ ಎಲ್ಲರೂ ನಂಬಿದ್ದರು. ಇಂದು ಅಜ್ಜಿಯಿಲ್ಲ, ಒರಳಿಲ್ಲ, ಅನೇಕರಿಗೆ ಆ ಮನೆಯೂ ಇಲ್ಲ.

ಈಗ ಕ್ಯಾಮರಾ ಫೋನಿನ ರೂಪದಲ್ಲಿ ನಮ್ಮ ಕಿಸೆಗೆ ಬಂದು ಕುಳಿತಿದೆ. ಫಿಲ್ಮಿನ ಹಣವಿಲ್ಲ, ತೊಳೆಯುವ ಕೂಲಿಯಿಲ್ಲ. ಬೇಕೆನಿಸಿದಾಗ ತೆಗೆಯಬಹುದು, ಬೇಡವೆನಿಸಿದರೆ ಅಳಿಸಬಹುದು. ಹೀಗಿದ್ದೂ ನಾವು ತೆಗೆಯುತ್ತಿರುವುದೇನು? ಮದುವೆಯ ಮಂಟಪ, ಪ್ರವಾಸದ ಜಲಪಾತ, ಹೋಟೆಲಿನ ತಟ್ಟೆ, ಎಲ್ಲಕ್ಕೂ ಮಿಗಿಲಾಗಿ ನಮ್ಮದೇ ಮುಖ. ಹಿಂದಿನವರು ಜನ್ಮಕ್ಕೊಮ್ಮೆ ಸ್ಟುಡಿಯೋಗೆ ಹೋಗಿ ಮಾಡುತ್ತಿದ್ದುದನ್ನು ನಾವು ನಿಂತಲ್ಲಿಯೇ ದಿನಕ್ಕೆ ಹತ್ತು ಸಲ ಮಾಡುತ್ತಿದ್ದೇವೆ. ಬರೆದ ಪರದೆ ಹೋಗಿ ಜಲಪಾತವೇ ಪರದೆಯಾಯಿತು, ಅಷ್ಟೆ. ನಿತ್ಯದ ಬದುಕು ಮಾತ್ರ ಅಂದಿನಂತೆಯೇ ಇಂದೂ ಚಿತ್ರದ ಹೊರಗೆ ನಿಂತಿದೆ.

ಕಿಟಕಿಯಲ್ಲಿ ಹುಟ್ಟಿದ ಕಲೆ

ನಿತ್ಯದ ವಸ್ತುವಿನಲ್ಲಿ ಕಲೆಗೆ ಏನು ಅವಕಾಶವೆಂದು ಕೇಳುವವರುಂಟು. ಅಂಥವರು ಈ ಕಲೆಯ ಜಾತಕವನ್ನೊಮ್ಮೆ ತೆರೆದು ನೋಡಬೇಕು. ಇಂದಿಗೂ ಉಳಿದುಬಂದಿರುವ ಕ್ಯಾಮರಾ ಚಿತ್ರಗಳಲ್ಲೆಲ್ಲ ಅತ್ಯಂತ ಹಳೆಯದು, ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತನು 1826-27ರ ಸುಮಾರಿಗೆ ತೆಗೆದದ್ದು. ಹಲವು ತಾಸುಗಳ ಬಿಸಿಲನ್ನು ಲೋಹದ ತಗಡಿನ ಮೇಲೆ ಹಿಡಿದು ಪಡೆದ ಆ ಚಿತ್ರದಲ್ಲಿ ಇರುವುದು ಅರಮನೆಯಲ್ಲ, ಅರಸನಲ್ಲ; ಅವನ ಮನೆಯ ಮಹಡಿಯ ಕಿಟಕಿಯಿಂದ ಕಾಣುವ ಮಾಡುಗಳು ಮತ್ತು ಗೋಡೆಗಳು. 1838ರಲ್ಲಿ ಡಾಗೇರ್ ಎಂಬುವನು ಪ್ಯಾರಿಸಿನ ಬೀದಿಯೊಂದನ್ನು ಚಿತ್ರಿಸಿದನು. ಕೆಲವು ನಿಮಿಷಗಳ ಕಾಲ ಕ್ಯಾಮರಾದ ಕಣ್ಣು ತೆರೆದಿರಬೇಕಾಗಿದ್ದುದರಿಂದ ಓಡಾಡುತ್ತಿದ್ದ ಗಾಡಿಗಳಾಗಲಿ ಜನರಾಗಲಿ ಅದರಲ್ಲಿ ಮೂಡಲಿಲ್ಲ. ಮೂಡಿದವನು ಮುಖ್ಯವಾಗಿ ಒಬ್ಬನೇ: ಬೀದಿಯ ಮೂಲೆಯಲ್ಲಿ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ಕದಲದೆ ನಿಂತಿದ್ದ ಹೆಸರರಿಯದ ಮನುಷ್ಯ. ಛಾಯಾಚಿತ್ರದಲ್ಲಿ ಸಿಕ್ಕ ಮೊದಮೊದಲಿನ ಮಾನವಾಕೃತಿಗಳಲ್ಲಿ ಅವನದೂ ಒಂದು.

ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ಟನು 1844ರಲ್ಲಿ ಪ್ರಕಟಿಸಲು ತೊಡಗಿದ ಛಾಯಾಚಿತ್ರಗಳ ಪುಸ್ತಕದಲ್ಲಿ ತೆರೆದ ಬಾಗಿಲಿನ ಒಂದು ಚಿತ್ರವಿದೆ. ಬಾಗಿಲ ಪಕ್ಕದಲ್ಲಿ ಒರಗಿಸಿಟ್ಟ ಪೊರಕೆ, ಅದರ ಓರೆಯಾದ ನೆರಳು, ಒಳಗಿನ ಕತ್ತಲೆ; ಇಷ್ಟೇ ವಸ್ತು. ಡಚ್ ವರ್ಣಚಿತ್ರಕಾರರು ದಿನಬಳಕೆಯ ನೋಟಗಳನ್ನು ಬರೆದುದೇ ತನಗೆ ಸಾಕಾದ ಆಧಾರವೆಂದು ಅವನು ಆ ಚಿತ್ರದೊಂದಿಗೆ ಹೇಳಿಕೊಂಡಿದ್ದಾನೆ. ಮುಂದೆ 1928ರಲ್ಲಿ ಪ್ಯಾರಿಸಿನಲ್ಲಿದ್ದ ಆಂದ್ರೆ ಕೆರ್ಟೆಸನು ತಟ್ಟೆಯ ಅಂಚಿಗೆ ಒರಗಿದ ಒಂದು ಫೋರ್ಕು ಮತ್ತು ಅದರ ನೆರಳನ್ನು ಚಿತ್ರಿಸಿ ಜಗತ್ತಿನ ರಸಿಕರ ಮೆಚ್ಚುಗೆ ಪಡೆದನು. ಪ್ರಾಗ್ ನಗರದ ಯೋಸೆಫ್ ಸುದೆಕ್ ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡವನು. ಅವನು 1940ರಿಂದ 1954ರವರೆಗೆ ತನ್ನ ಕೆಲಸದ ಕೋಣೆಯ ಕಿಟಕಿಯೊಂದನ್ನೇ ಮತ್ತೆ ಮತ್ತೆ ತೆಗೆದನು: ಹನಿಗಟ್ಟಿದ ಗಾಜು, ಹಿಮ ಕಟ್ಟಿದ ಗಾಜು, ಅದರಾಚೆಗೆ ಅಂಗಳದ ಸೊಟ್ಟ ಮರ. ಅದೇ ಕಿಟಕಿ, ಆದರೂ ಒಂದು ಚಿತ್ರದಂತೆ ಇನ್ನೊಂದಿಲ್ಲ.

ನಮ್ಮವರನ್ನೂ ನೆನೆಯಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ಪತ್ರಿಕಾ ಛಾಯಾಗ್ರಾಹಕರಾಗಿ ದೇಶವನ್ನೆಲ್ಲ ಸುತ್ತಿದವರು. ದೊಡ್ಡವರನ್ನು ತೆಗೆದರು, ನಿಜ. ಆದರೆ ಅವರ ಕಣ್ಣಿಗೆ ಹೆಚ್ಚು ಪ್ರಿಯವಾದವರು ಸಾಮಾನ್ಯ ಜನ, ಅದರಲ್ಲಿಯೂ ಮಕ್ಕಳು. ವಿಶ್ವಸಂಸ್ಥೆಯು ಮಕ್ಕಳ ವರ್ಷವೆಂದು ಆಚರಿಸಿದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ಅದರ ಕೇಂದ್ರ ಕಚೇರಿಯಲ್ಲಿ ಪ್ರದರ್ಶಿತವಾದುವು.

ಹೀಗೆ ನೋಡಿದರೆ ದಿನನಿತ್ಯವೆಂಬುದು ಛಾಯಾಚಿತ್ರದ ತವರುಮನೆ. ಖರ್ಚಿನ ಕಾರಣದಿಂದ ಅದು ನಮ್ಮಲ್ಲಿ ಸಮಾರಂಭಗಳ ಪಾಲಾಯಿತು. ಅಗ್ಫಾ ಕ್ಲಿಕ್ ಎಂಬ ಸರಳ ಕ್ಯಾಮರಾ ಮಧ್ಯಮವರ್ಗದ ಮನೆಗಳಿಗೆ ಬಂದ ಮೇಲೂ ಒಂದು ಸುರುಳಿಗೆ ದೊರೆಯುತ್ತಿದ್ದುದು 12 ಚಿತ್ರಗಳು ಮಾತ್ರ. ಆ ಕಟ್ಟು ಹರಿದದ್ದು ನಮ್ಮ ಕಾಲದಲ್ಲಿ. 2000ದ ನವೆಂಬರಿನಲ್ಲಿ ಜಪಾನಿನ ಶಾರ್ಪ್ ಕಂಪೆನಿಯ ಫೋನೊಂದು ಕ್ಯಾಮರಾ ಸಹಿತವಾಗಿ ಮಾರುಕಟ್ಟೆಗೆ ಬಂದಿತು. ಅದರ ಚಿತ್ರದಲ್ಲಿದ್ದುದು ಸುಮಾರು 1 ಲಕ್ಷ 10 ಸಾವಿರ ಬಿಂದುಗಳು. ಇಂದು 1 ಕೋಟಿ 20 ಲಕ್ಷ ಬಿಂದುಗಳ ಚಿತ್ರ ಸಾಧಾರಣ ಫೋನಿಗೂ ಸಾಧ್ಯ. ಸಾಧನಕ್ಕೆ ಕೊರತೆಯಿಲ್ಲ, ಕೊರತೆ ಇದ್ದರೆ ಅದು ನೋಟದಲ್ಲಿ.

ಬೆಳಕೇ ಬಂಡವಾಳ

ಮೊದಲ ಪಾಠ ಅತಿ ಸುಲಭವಾದದ್ದು: ಫೋನಿನ ಗಾಜನ್ನು ಒರಸಿಕೊಳ್ಳುವುದು. ಕಿಸೆಯ ಧೂಳು, ಬೆರಳಿನ ಜಿಡ್ಡು ಅದರ ಮೇಲೆ ಸದಾ ಕುಳಿತಿರುತ್ತವೆ. ಎಷ್ಟೋ ಚಿತ್ರಗಳು ಮಂಜು ಕವಿದಂತೆ ಕಾಣುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ಹಳೆಯ ಮೆತ್ತನೆಯ ಹತ್ತಿಬಟ್ಟೆಯ ಚೂರು ಸಾಕು.

ಎರಡನೆಯ ಪಾಠ ಬೆಳಕಿನದು. ಇದನ್ನು ಜೀವಮಾನವೆಲ್ಲ ಕಲಿಯಬಹುದು. ಫೋನಿನಲ್ಲಿ ಬೆಳಕನ್ನು ಗ್ರಹಿಸುವ ಫಲಕವು ಬಲು ಚಿಕ್ಕದು; ಕಿರುಬೆರಳಿನ ಉಗುರಿನಷ್ಟಿದ್ದರೆ ಹೆಚ್ಚು. ಆದುದರಿಂದ ಅದು ಕತ್ತಲೆಯಲ್ಲಿ ತಡವರಿಸುತ್ತದೆ. ಕೊರತೆಯನ್ನು ತುಂಬಿಕೊಳ್ಳಲು ಒಂದೇ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೊಸೆಯುತ್ತದೆ. ಕೈ ಅಲುಗದಂತೆ ಮೊಣಕೈಗಳನ್ನು ಪಕ್ಕೆಗೆ ಒತ್ತಿಹಿಡಿದರೆ, ಇಲ್ಲವೆ ಬಾಗಿಲಿನ ಚೌಕಟ್ಟಿಗೆ ಒರಗಿದರೆ, ಆ ಕೆಲಸಕ್ಕೆ ನಾವು ನೆರವಾದಂತೆ. ಫ್ಲಾಷಿನ ಬೆಳಕನ್ನು ಆದಷ್ಟೂ ದೂರವಿಡುವುದು ಲೇಸು. ಅದು ಮುಖಕ್ಕೆ ಸುಣ್ಣ ಬಳಿದಂತೆ ಮಾಡಿ ಹಿಂದಿನದನ್ನೆಲ್ಲ ಕತ್ತಲೆಗೆ ನೂಕುತ್ತದೆ. ಕಿಟಕಿಯ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಕುಳಿತವರ ಕೆನ್ನೆಯ ಮೇಲೆ ಬೀಳುವ ಬೆಳಕಿಗೆ ಯಾವ ಸ್ಟುಡಿಯೋದ ದೀಪವೂ ಸಮವಾಗದು.

ಬೆಳಗಿನ ಮೊದಲ ತಾಸಿನಲ್ಲಿಯೂ ಸಂಜೆಯ ಕೊನೆಯ ತಾಸಿನಲ್ಲಿಯೂ ಬಿಸಿಲು ನೆಲವನ್ನು ಸವರಿಕೊಂಡು ಬರುತ್ತದೆ. ಆಗ ರಂಗೋಲಿಯ ಪುಡಿಯ ಒಂದೊಂದು ಎಳೆಗೂ ನೆರಳು ಹುಟ್ಟುತ್ತದೆ. ಒಣಹಾಕಿದ ಮೆಣಸಿನಕಾಯಿಯ ಸುಕ್ಕು ಎಣಿಸುವಂತಿರುತ್ತದೆ. ಮಣ್ಣಿನ ಗೋಡೆಯು ತನ್ನ ವಯಸ್ಸನ್ನು ಹೇಳುತ್ತದೆ. ನಡುಹಗಲಿನಲ್ಲಿ ಅದೇ ರಂಗೋಲಿಯನ್ನು ತೆಗೆದರೆ ಚಪ್ಪಟೆಯಾದ ಬಿಳಿಯ ಗೀಟುಗಳು ಮಾತ್ರ ಉಳಿಯುತ್ತವೆ.

ಫೋನಿಗೆ ಒಂದು ಚಾಳಿಯುಂಟು. ಎದುರಿನ ಬೆಳಕು ಕತ್ತಲೆಗಳೆಲ್ಲವನ್ನೂ ಸರಾಸರಿ ಮಾಡಿ ಮಧ್ಯಮವಾದ ಹೊಳಪಿಗೆ ತರಲು ಅದು ಹವಣಿಸುತ್ತದೆ. ಸಂಜೆಗತ್ತಲಿನಲ್ಲಿ ದೇವರ ದೀಪ ಹಚ್ಚುವ ತಾಯಿಯ ಚಿತ್ರದಲ್ಲಿ ಕತ್ತಲೆಯೇ ಸೊಬಗು. ಫೋನಾದರೋ ಕತ್ತಲೆಯನ್ನು ಬೂದುಬಣ್ಣಕ್ಕೆ ತಿರುಗಿಸಿ ದೀಪದ ಕುಡಿಯನ್ನು ಬಿಳಿಯ ಮುದ್ದೆ ಮಾಡುತ್ತದೆ. ಇದಕ್ಕೆ ಉಪಾಯ ಬೆರಳ ತುದಿಯಲ್ಲಿದೆ. ಪರದೆಯ ಮೇಲೆ ಬೆಳಕು ಬಿದ್ದ ಕೆನ್ನೆಯನ್ನು ಮುಟ್ಟಿದರೆ ಫೋನು ಅದನ್ನೇ ಅಳತೆಗೆ ತೆಗೆದುಕೊಳ್ಳುತ್ತದೆ; ಅಲ್ಲಿ ಮೂಡುವ ಪುಟ್ಟ ಸೂರ್ಯನ ಗುರುತನ್ನು ಹೊಳಪು ಇಳಿಯುವ ದಿಕ್ಕಿಗೆ ಸರಿಸಿದರೆ ಕತ್ತಲೆ ಮತ್ತೆ ಕತ್ತಲೆಯಾಗುತ್ತದೆ.

ದೂರದ ವಸ್ತುವನ್ನು ಹತ್ತಿರಕ್ಕೆ ತರಲು ಬೆರಳುಗಳಿಂದ ಪರದೆಯನ್ನು ಹಿಗ್ಗಿಸುವ ಅಭ್ಯಾಸ ಎಲ್ಲರಲ್ಲಿಯೂ ಇದೆ. ಫೋನಿನಲ್ಲಿ ಅದಕ್ಕೆಂದೇ ಬೇರೆ ಮಸೂರವಿಲ್ಲದಿದ್ದರೆ, ಹಾಗೆ ಮಾಡುವುದು ಇದ್ದ ಚಿತ್ರದ ಒಂದು ತುಂಡನ್ನು ಕತ್ತರಿಸಿ ಉಬ್ಬಿಸಿದಂತೆ. ನಾಲ್ಕು ಹೆಜ್ಜೆ ನಡೆದುಹೋಗುವುದು ಉತ್ತಮ. ಮುಖಗಳ ವಿಷಯದಲ್ಲಿ ಮಾತ್ರ ತೀರ ಹತ್ತಿರವೂ ಸಲ್ಲದು. ಮೊಳ ದೂರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದಕ್ಕೆ ಓಡುತ್ತವೆ. ನಿಲ್ಲುವ ಎತ್ತರವನ್ನೂ ಬದಲಾಯಿಸಿ ನೋಡಬೇಕು. ಮಗುವನ್ನು ತೆಗೆಯುವಾಗ ಮಗುವಿನ ಎತ್ತರಕ್ಕೆ ಕುಕ್ಕರಿಸಬೇಕು. ಮಳೆ ನಿಂತ ಮೇಲೆ ಫೋನನ್ನು ತಲೆಕೆಳಗು ಮಾಡಿ ಅದರ ಕಣ್ಣನ್ನು ನೆಲಕ್ಕೆ ಸಮೀಪಿಸಿದರೆ, ಬೀದಿಯ ಬೊಗಸೆ ನೀರಿನಲ್ಲಿ ಎದುರುಮನೆಯ ತೆಂಗಿನಮರ ಇಡಿಯಾಗಿ ಸಿಕ್ಕುತ್ತದೆ.

ಕಾಯುವುದೂ ಕೇಳುವುದೂ

ಇವೆಲ್ಲ ಕೈಯ ಕೆಲಸ. ಒಂದು ವಾರದಲ್ಲಿ ಬಂದೀತು. ಬಾರದಿರುವುದು ತಾಳ್ಮೆ. ಹಾದುಹೋಗುವ ಮನುಷ್ಯನ ಹಿಂದೆ ಓಡುವುದಕ್ಕಿಂತ, ಬೆಳಕು ಬಿದ್ದ ಒಂದು ಗೋಡೆಯನ್ನೋ ಓಣಿಯ ತಿರುವನ್ನೋ ಆರಿಸಿಕೊಂಡು ಚೌಕಟ್ಟನ್ನು ಮೊದಲೇ ಕಟ್ಟಿ ಕಾಯುವುದು ಮೇಲು. ಹಾಲಿನವನು ಬರುತ್ತಾನೆ, ಶಾಲೆಯ ಹುಡುಗಿ ಬರುತ್ತಾಳೆ, ಏನೂ ಇಲ್ಲದಿದ್ದರೆ ಒಂದು ಬೆಕ್ಕಾದರೂ ದಾಟುತ್ತದೆ. ಹಿಂದೆ ಫಿಲ್ಮಿನ ಬೆಲೆಯೇ ನಮ್ಮ ಪರವಾಗಿ ಆಯ್ಕೆ ಮಾಡುತ್ತಿತ್ತು. ಈಗ ಆ ಕಡಿವಾಣವನ್ನು ನಾವೇ ಹಾಕಿಕೊಳ್ಳಬೇಕು. ದಿನಕ್ಕೆ 12 ಚಿತ್ರಗಳಿಗಿಂತ ಹೆಚ್ಚು ತೆಗೆಯುವುದಿಲ್ಲವೆಂಬ ವ್ರತವನ್ನು ಒಂದು ತಿಂಗಳು ನಡೆಸಿದವರಿಗೆ ಗುಂಡಿ ಒತ್ತುವ ಮೊದಲು ನೋಡುವ ಅಭ್ಯಾಸ ತಾನಾಗಿ ಹತ್ತುತ್ತದೆ. ಸುದೆಕನಂತೆ ಮನೆಯ ಒಂದೇ ಕಿಟಕಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯುವುದೂ ಒಳ್ಳೆಯ ಸಾಧನೆ.

ಇನ್ನೊಂದು ಮಾತು ಕಲೆಗಿಂತ ದೊಡ್ಡದು. ಕಿಸೆಯಲ್ಲಿ ಕಣ್ಣಿದೆಯೆಂದು ಕಂಡವರನ್ನೆಲ್ಲ ತೆಗೆಯುವ ಅಧಿಕಾರ ಬಂದಂತಾಗಲಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವ ಅಮ್ಮನಿಗೂ, ರಸ್ತೆಯ ಬದಿಯಲ್ಲಿ ಚಪ್ಪಲಿ ಹೊಲಿಯುವ ಅಣ್ಣನಿಗೂ ತಮ್ಮ ಮುಖದ ಮೇಲೆ ತಮ್ಮದೇ ಆದ ಹಕ್ಕುಂಟು. 'ಒಂದು ಫೋಟೋ ತೆಗೀಲಾ ಅಮ್ಮ?' ಎಂದು ಕೇಳುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಮೊದಲು ಅವರು ಸೆರಗು ಸರಿಪಡಿಸಿಕೊಂಡು ಬಿಗಿದು ಕೂರುವರು. ಎರಡು ಮಾತಾಡಿ ನಿಂತರೆ ಮತ್ತೆ ತಮ್ಮ ಕೆಲಸಕ್ಕೆ ತಿರುಗುವರು. ಒಳ್ಳೆಯ ಚಿತ್ರವು ಇರುವುದು ಅಲ್ಲಿ. ಬೇಡವೆಂದರೆ ನಮಸ್ಕಾರ ಹೇಳಿ ಮುಂದೆ ಹೋಗತಕ್ಕದ್ದು. ನೋವಿನಲ್ಲಿರುವವರನ್ನು, ನಿದ್ರಿಸುತ್ತಿರುವ ದರಿದ್ರರನ್ನು ತೆಗೆದು ಊರಿಗೆಲ್ಲ ಹಂಚುವುದು ರಸಿಕತೆಯಲ್ಲ.

ಉಳಿಸಿಕೊಳ್ಳುವ ಬಗೆ

ತೆಗೆದರೆ ಮುಗಿಯಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿದ್ದ ಹತ್ತು ಫೋಟೋಗಳನ್ನು ಮನೆಯವರೆಲ್ಲ ನೂರು ಸಲ ನೋಡಿದ್ದರು. ಫೋನಿನಲ್ಲಿರುವ ಹತ್ತು ಸಾವಿರ ಫೋಟೋಗಳನ್ನು ಎರಡನೆಯ ಸಲ ನೋಡುವವರಿಲ್ಲ. ರಾಶಿಯಲ್ಲಿ ಬಿದ್ದುದು ಕಳೆದುಹೋದುದಕ್ಕೆ ಸಮಾನ. ತಿಂಗಳ ಕೊನೆಗೊಮ್ಮೆ ಕುಳಿತು, ಒಂದೇ ನೋಟದ ಹದಿನೈದು ಪ್ರತಿಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಅಳಿಸಬೇಕು. ಉಳಿದವುಗಳಲ್ಲಿ ಹತ್ತು ಹನ್ನೆರಡನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಬೇಕು. ಪ್ರತಿಯೊಂದರ ಹಿಂದೆ ದಿನಾಂಕ, ಊರು, ಚಿತ್ರದಲ್ಲಿರುವವರ ಹೆಸರುಗಳನ್ನು ಬರೆಯಬೇಕು. ವಾಟ್ಸಾಪಿನಂಥ ದಾರಿಯಲ್ಲಿ ಮಾಮೂಲಿನಂತೆ ಕಳುಹಿಸಿದ ಚಿತ್ರವು ಹಗುರಾಗಲೆಂದು ತನ್ನ ವಿವರಗಳನ್ನು ಕಳೆದುಕೊಳ್ಳುತ್ತದೆ. ಅಚ್ಚಿಗೆ ಬೇಕಾದುದನ್ನು ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ಮೂಲವು ಮೂಲವಾಗಿಯೇ ತಲಪುತ್ತದೆ. ಫೋನು ನೀರಿಗೆ ಬೀಳುವ ವಸ್ತು, ಕಳುವಾಗುವ ವಸ್ತು. ಪ್ರತಿಯೊಂದು ಬೇರೆಡೆ ಇರಲಿ.

ಏನನ್ನು ತೆಗೆಯೋಣವೆಂದು ಕೇಳುವವರಿಗೆ ಒಂದೇ ಉತ್ತರ. ಇನ್ನು ಇಪ್ಪತ್ತು ವರ್ಷಗಳ ಮೇಲೆ ಈ ಮನೆಯಲ್ಲಿ ಇಲ್ಲದಿರುವುದು ಯಾವುದೆಂದು ಸುತ್ತ ಒಮ್ಮೆ ಕಣ್ಣಾಡಿಸಬೇಕು. ತಂದೆಯವರು ಕನ್ನಡಕವನ್ನು ಹಣೆಗೇರಿಸಿ ಪತ್ರಿಕೆಯನ್ನು ದೂರಕ್ಕೆ ಹಿಡಿದು ಓದುವ ಬಗೆ. ಕಾಫಿಯ ಲೋಟದ ಬಿಸಿಗೆ ತಾಯಿಯವರು ಸೆರಗಿನ ತುದಿಯನ್ನು ಸುತ್ತಿಕೊಳ್ಳುವ ಬಗೆ. ಮಗುವಿನ ಎತ್ತರವನ್ನು ವರ್ಷ ವರ್ಷವೂ ಗುರುತು ಹಾಕಿದ ಬಾಗಿಲ ಪಕ್ಕದ ಪೆನ್ಸಿಲ್ ಗೀಟುಗಳು. ಇಂದು ಭಾನುವಾರ, ಮನೆಯಲ್ಲಿ ಎಲ್ಲರೂ ಇದ್ದಾರೆ. ಯಾರನ್ನೂ ಸಾಲಾಗಿ ನಿಲ್ಲಿಸಬೇಡಿ, ನಗಿರೆಂದು ಹೇಳಬೇಡಿ. ಕಿಟಕಿಯ ಬೆಳಕು ಎತ್ತ ಬೀಳುತ್ತಿದೆಯೆಂದು ನೋಡಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ.