ದೂಧಿ ಜ್ಯೂಸ್: ಮಿಕ್ಸಿಗೆ ಹಾಕುವ ಮೊದಲು ರುಚಿ ನೋಡಿ

ಬೆಳಗಿನ ವಾಕಿಂಗ್ ಮುಗಿಸಿ ದೂಧಿ, ಅಂದರೆ ನಮ್ಮ ಸೋರೆಕಾಯಿಯ ಜ್ಯೂಸ್ ಕುಡಿಯುವವರು ಮುಂಬೈಯಲ್ಲಿ ಬಹಳ. ಹೃದಯದ ಬ್ಲಾಕ್ ಕರಗುತ್ತದೆಂಬ ನಂಬಿಕೆ. ಕರಗುವುದಿಲ್ಲ, ಮಾತ್ರೆ ಬಿಡಬೇಡಿ.

ಮನೆಯಲ್ಲಿ ಮಾಡುವುದಾದರೆ ಮೊದಲು ಒಂದು ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿ ಬಿಸಾಡಿ. ಆ ಕಹಿಯೇ ಕುಕುರ್ಬಿಟಾಸಿನ್ ಎಂಬ ವಿಷ, ಬೇಯಿಸಿದರೂ ಹೋಗದು. ಬೇರೆ ರಸ ಬೆರೆಸಿದರೆ ಕಹಿ ಗೊತ್ತಾಗುವುದಿಲ್ಲ, ವಿಷ ಹಾಗೇ ಇರುತ್ತದೆ. 2012ರಲ್ಲಿ ಪ್ರಕಟವಾದ ಐಸಿಎಂಆರ್ ತಜ್ಞರ ವರದಿ ಹೇಳಿದ್ದೂ ಇದನ್ನೇ. ಹಾಗಲಕಾಯಿಯ ಕಹಿ ಬೇರೆ, ಇದು ಬೇರೆ.

ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ರಕ್ತವಾಂತಿಯಾಗಬಹುದು, ಬಿಪಿ ಕುಸಿಯಬಹುದು. ಇದಕ್ಕೆ ಪ್ರತಿವಿಷವಿಲ್ಲ. ಬಿಪಿ ಮಾತ್ರೆ ನುಂಗುವ ಹಿರಿಯರನ್ನಂತೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಜ್ಯೂಸ್ ಕುಡಿದ ವಿಷಯ ಡಾಕ್ಟರಿಗೆ ಹೇಳಿ.